ಅಂಚೆ ಚೀಟಿಯ ಮೂಲೆಯಲ್ಲಿರುವ ಅಕ್ಷರಗಳು

ಅಂಚೆ ಚೀಟಿಗಳನ್ನು ಸಂಗ್ರಹಿಸುವ ಹವ್ಯಾಸ ನನಗಿದೆಯೆಂದು ತಿಳಿದ ಕೂಡಲೇ ಹೆಚ್ಚಿನವರು ಕೇಳುವುದು ಬೆಲೆಯ ಪ್ರಶ್ನೆಯನ್ನೇ. ಜಗತ್ತಿನ ಮೊದಲ ಅಂಟು ಚೀಟಿಯಾದ ‘ಪೆನ್ನಿ ಬ್ಲ್ಯಾಕ್’ ನಿಮ್ಮಲ್ಲಿದೆಯೇ, ಇದ್ದರೆ ಎಷ್ಟು ಲಕ್ಷಕ್ಕೆ ಹೋದೀತು ಎಂದು ವಿಚಾರಿಸುತ್ತಾರೆ. ವಾಸ್ತವವಾಗಿ ಅದು ಅಂಥ ಅಪರೂಪದ ಚೀಟಿಯೇನೂ ಅಲ್ಲ. ಸುಮಾರು 6 ಕೋಟಿ 80 ಲಕ್ಷ ಪ್ರತಿಗಳು ಅಚ್ಚಾಗಿದ್ದವು. ಆ ಕಾಲದಲ್ಲಿ ಪ್ರತ್ಯೇಕ ಲಕೋಟೆ ಬಳಸುವ ರೂಢಿ ಕಡಿಮೆಯಿದ್ದು, ಬರೆದ ಕಾಗದವನ್ನೇ ಮಡಚಿ ಅದರ ಹೊರಮೈಗೆ ಚೀಟಿ ಅಂಟಿಸುತ್ತಿದ್ದರಿಂದ, ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡವರೆಲ್ಲ ತಮಗೆ ಅರಿವಿಲ್ಲದೆಯೇ ಚೀಟಿಯನ್ನೂ ಉಳಿಸಿಕೊಟ್ಟರು. ನನ್ನ ಕುತೂಹಲವಿರುವುದು ಬೆಲೆಯಲ್ಲಲ್ಲ, ಆ ಚೀಟಿಯ ಕೆಳಗಿನ ಎರಡು ಮೂಲೆಗಳಲ್ಲಿರುವ ಪುಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ. ಅವು ಅಲ್ಲಿ ಏಕಿವೆ ಎಂದು ಹುಡುಕುತ್ತ ಹೋದರೆ, ಅಂಚೆ ಚೀಟಿಯ ಇಡೀ ಇತಿಹಾಸವು ಜನರ ಮೇಲೆ ಅಂಚೆ ಇಲಾಖೆಗಿದ್ದ ಅಪನಂಬಿಕೆಯ ಇತಿಹಾಸವೂ ಹೌದು ಎಂಬುದು ಕಾಣತೊಡಗುತ್ತದೆ.

ಚೀಟಿ ಬರುವುದಕ್ಕೆ ಮೊದಲು ಬ್ರಿಟನ್ನಿನಲ್ಲಿ ಅಂಚೆಯ ವೆಚ್ಚವನ್ನು ಸಾಮಾನ್ಯವಾಗಿ ಪತ್ರ ಪಡೆಯುವವರು ಕೊಡಬೇಕಾಗಿತ್ತು. ದೂರಕ್ಕೆ ಒಂದು ದರ, ಹಾಳೆಗಳ ಸಂಖ್ಯೆಗೆ ಇನ್ನೊಂದು ದರ. ಎರಡನ್ನೂ ಕೂಡಿಸಿದರೆ ದೂರದೂರಿನ ಒಂದು ಪತ್ರಕ್ಕೆ ಕೂಲಿಕಾರನ ದಿನದ ದುಡಿಮೆಯೇ ಹೋಗಿಬಿಡುತ್ತಿತ್ತು. ಜನ ಸುಮ್ಮನಿರಲಿಲ್ಲ. ಶುಲ್ಕವಿಲ್ಲದೆ ಸಾಗುತ್ತಿದ್ದ ವೃತ್ತಪತ್ರಿಕೆಗಳಲ್ಲಿ ಬೇಕಾದ ಅಕ್ಷರಗಳ ಕೆಳಗೆ ಸೂಜಿಯಿಂದ ಚುಚ್ಚಿ ಸಂದೇಶ ಕಳುಹಿಸುತ್ತಿದ್ದರು. ಪಾರ್ಲಿಮೆಂಟಿನ ಸದಸ್ಯರಿಗೆ ಉಚಿತ ಅಂಚೆಯ ಸವಲತ್ತು ಇದ್ದುದರಿಂದ ಅವರ ಸಹಿಗಾಗಿ ಬಂಧುಮಿತ್ರರು ಮುಗಿಬೀಳುತ್ತಿದ್ದರು. ಅಂಚೆ ಸುಧಾರಣೆಯ ಪ್ರತಿಪಾದಕ ರೋಲೆಂಡ್ ಹಿಲ್ 1837ರ ತನ್ನ ಕಿರುಹೊತ್ತಿಗೆಯಲ್ಲಿ ಕವಿ ಕೋಲರಿಜ್ ಕಣ್ಣಾರೆ ಕಂಡ ಪ್ರಸಂಗವೊಂದನ್ನು ಹೇಳುತ್ತಾನೆ. ಹೆಣ್ಣುಮಗಳೊಬ್ಬಳು ತನ್ನ ಅಣ್ಣನಿಂದ ಬಂದ ಪತ್ರವನ್ನು, ಹಣವಿಲ್ಲವೆಂದು ಹೇಳಿ, ಅಂಚೆಯವನಿಗೆ ಹಿಂದಿರುಗಿಸುತ್ತಿದ್ದಳು. ಮರುಕಗೊಂಡ ಕವಿ ತಾನೇ ಹಣ ತೆತ್ತು ಪತ್ರವನ್ನು ಬಿಡಿಸಿಕೊಟ್ಟರೆ, ಅಂಚೆಯವನು ಅತ್ತ ಹೋದ ಮೇಲೆ ಆಕೆ ಅದನ್ನು ಬಿಚ್ಚಿ ತೋರಿಸಿದಳಂತೆ. ಒಳಗೆ ಒಂದಕ್ಷರವೂ ಇರಲಿಲ್ಲ. ಆಗಾಗ ಒಂದು ಖಾಲಿ ಕಾಗದ ಬಂದರೆ ಅಣ್ಣ ಕ್ಷೇಮವಾಗಿದ್ದಾನೆಂದು ತಿಳಿಯಬೇಕೆಂಬುದು ಅವರಿಬ್ಬರ ಒಪ್ಪಂದವಾಗಿತ್ತು.

ಇದಕ್ಕೆ ಹಿಲ್ ಸೂಚಿಸಿದ ಉಪಾಯ ಸರಳವಾದದ್ದು. ದೂರ ಎಷ್ಟೇ ಇರಲಿ, ಅರ್ಧ ಔನ್ಸ್ ತೂಕದ ಪತ್ರಕ್ಕೆ ಒಂದೇ ಪೆನ್ನಿ. ಅದನ್ನು ಕಳುಹಿಸುವವರೇ ಮುಂಗಡವಾಗಿ ಕೊಡಬೇಕು. ಕೊಡದೆ ಹಾಕಿದರೆ ಪಡೆಯುವವರಿಂದ ಎರಡರಷ್ಟು ವಸೂಲಿ. 1840ರ ಜನವರಿ 10ರಿಂದ ಒಂದು ಪೆನ್ನಿಯ ದರವೂ, ಮೇ 6ರಿಂದ ಚೀಟಿಯ ಬಳಕೆಯೂ ಜಾರಿಗೆ ಬಂದವು. ಆದರೆ ಮುಂಗಡ ಹಣಕ್ಕೆ ರಸೀತಿಯಾಗಿ ಒಂದು ತುಂಡು ಕಾಗದವನ್ನು ಕೊಡುವುದೆಂದರೆ, ಸರ್ಕಾರ ಹೊಸ ಬಗೆಯ ನಾಣ್ಯವನ್ನೇ ಚಲಾವಣೆಗೆ ಬಿಟ್ಟಂತೆ. ಆ ಕಾಗದವನ್ನು ಯಾರಾದರೂ ಖೋಟಾ ಮಾಡಿದರೆ? ಒಮ್ಮೆ ಬಳಸಿದ್ದನ್ನೇ ತೊಳೆದು ಮತ್ತೆ ಅಂಟಿಸಿದರೆ? ಪೆನ್ನಿ ಬ್ಲ್ಯಾಕಿನ ಒಂದೊಂದು ಗೆರೆಯೂ ಈ ಎರಡು ಭಯಗಳಿಗೆ ಕೊಟ್ಟ ಉತ್ತರವಾಗಿದೆ. ವಿಕ್ಟೋರಿಯಾ ರಾಣಿಯ ಮುಖವನ್ನು ಆರಿಸಿದ್ದು ರಾಜಭಕ್ತಿಯಿಂದ ಮಾತ್ರವಲ್ಲ. ಹೂಬಳ್ಳಿಯ ಚಿತ್ತಾರದಲ್ಲಿ ಒಂದು ಗೆರೆ ತಪ್ಪಿದರೆ ಯಾರ ಗಮನಕ್ಕೂ ಬಾರದು, ಪರಿಚಿತ ಮುಖದಲ್ಲಿ ಮೂಗು ಕೂದಲೆಳೆಯಷ್ಟು ಕೊಂಕಿದರೂ ಕಣ್ಣಿಗೆ ಹೊಡೆಯುತ್ತದೆ ಎಂಬ ಲೆಕ್ಕಾಚಾರವೂ ಅದರ ಹಿಂದಿತ್ತು. ವಿಲಿಯಂ ವಯನ್ ಕೆತ್ತಿದ್ದ ಪದಕವೊಂದರ ಮುಖಚಿತ್ರವನ್ನು ಆಧರಿಸಿ ಚಾರ್ಲ್ಸ್ ಹೀತ್ ಮತ್ತು ಆತನ ಮಗ ಫ್ರೆಡರಿಕ್ ಉಕ್ಕಿನ ಅಚ್ಚನ್ನು ಕೊರೆದರು. ಹಿನ್ನೆಲೆಯ ನವಿರಾದ ಹೆಣಿಗೆಯಂಥ ಗೆರೆಗಳನ್ನು ಕೈಯಿಂದ ಬಿಡಿಸಲಾಗದಂತೆ ಯಂತ್ರದಿಂದ ಮೂಡಿಸಿದರು. ಕಾಗದದೊಳಗೆ ಒಂದೊಂದು ಚೀಟಿಗೂ ಒಂದೊಂದು ಕಿರೀಟದ ವಾಟರ್‌ಮಾರ್ಕ್ ಬರುವಂತೆ ನೋಡಿಕೊಂಡರು.

ಇನ್ನು ಮೂಲೆಯ ಅಕ್ಷರಗಳು. ಒಂದು ಹಾಳೆಯಲ್ಲಿ 12 ಚೀಟಿಗಳ 20 ಸಾಲುಗಳಿದ್ದವು. ಒಟ್ಟು 240, ಅಂದರೆ ಅಂದಿನ ಲೆಕ್ಕದಲ್ಲಿ ಸರಿಯಾಗಿ ಒಂದು ಪೌಂಡ್. ಎಡಮೂಲೆಯ ಅಕ್ಷರ ಸಾಲನ್ನೂ ಬಲಮೂಲೆಯ ಅಕ್ಷರ ಆ ಸಾಲಿನೊಳಗಿನ ಸ್ಥಾನವನ್ನೂ ಸೂಚಿಸುತ್ತಿದ್ದವು. ಮೊದಲನೆಯ ಚೀಟಿ ‘ಎ-ಎ’ ಆದರೆ ಕೊನೆಯದು ‘ಟಿ-ಎಲ್’. ಖೋಟಾ ಮಾಡುವವನು ಒಂದೇ ಅಚ್ಚನ್ನು ಕೆತ್ತಿ ಸಾವಿರಾರು ಪ್ರತಿ ತೆಗೆದರೆ ಎಲ್ಲದರಲ್ಲೂ ಅದೇ ಜೋಡಿ ಅಕ್ಷರ ಬಂದು ಸಿಕ್ಕಿಬೀಳುತ್ತಾನೆ. ಸಿಕ್ಕಿಬೀಳಬಾರದೆಂದರೆ 240 ಬೇರೆ ಬೇರೆ ಅಚ್ಚುಗಳನ್ನು ಕೆತ್ತಬೇಕು. ಇಷ್ಟೆಲ್ಲ ಎಚ್ಚರ ವಹಿಸಿದವರು ದೇಶದ ಹೆಸರನ್ನು ಮಾತ್ರ ಚೀಟಿಯ ಮೇಲೆ ಹಾಕಲಿಲ್ಲ. ಬೇರೆ ಯಾವ ದೇಶದಲ್ಲೂ ಇಲ್ಲದ ವಸ್ತುವಿಗೆ ಹೆಸರೇಕೆ ಎಂಬುದು ಆಗಿನ ಮಾತಾಗಿದ್ದಿರಬಹುದು; ಬ್ರಿಟನ್ ಇವತ್ತಿಗೂ ರಾಜಮುಖವನ್ನಷ್ಟೇ ಗುರುತಾಗಿ ಇಟ್ಟುಕೊಂಡು ಆ ಪದ್ಧತಿಯನ್ನು ಬಿಟ್ಟಿಲ್ಲ.

ಖೋಟಾ ಭಯಕ್ಕೆ ಇಷ್ಟೆಲ್ಲ ಏರ್ಪಾಡಾದರೂ ಎರಡನೆಯ ಭಯ ಬೇಗನೆ ನಿಜವಾಯಿತು. ಕಪ್ಪು ಚೀಟಿಯ ಮೇಲೆ ಕೆಂಪು ಶಾಯಿಯ ಠಸ್ಸೆ ಒತ್ತುತ್ತಿದ್ದರು. ಆ ಕೆಂಪನ್ನು ಅಳಿಸುವುದು ಕಷ್ಟವಾಗಿರಲಿಲ್ಲ. ಠಸ್ಸೆಗೆ ಅಳಿಸಲಾಗದ ಕಪ್ಪು ಶಾಯಿ ಬೇಕು, ಕಪ್ಪು ಶಾಯಿ ಕಾಣಬೇಕಾದರೆ ಚೀಟಿ ಕಪ್ಪಾಗಿರಬಾರದು ಎಂಬ ತೀರ್ಮಾನಕ್ಕೆ ಬಂದು, 1841ರ ಫೆಬ್ರವರಿಯಲ್ಲಿ ಕೆಂಪು ಚೀಟಿಯನ್ನು ತಂದರು. ಪೆನ್ನಿ ಬ್ಲ್ಯಾಕಿನ ಆಯುಷ್ಯ ಒಂದು ವರ್ಷವೂ ತುಂಬಲಿಲ್ಲ. ಜನರೂ ಜಾಣರೇ: ಠಸ್ಸೆ ಬೀಳದ ಭಾಗಗಳನ್ನು ಎರಡು ಚೀಟಿಗಳಿಂದ ಕತ್ತರಿಸಿ ಒಂದಾಗಿ ಜೋಡಿಸಿದರೆ ಹೊಸ ಚೀಟಿಯಾಗುತ್ತದಲ್ಲ! ಅದನ್ನು ತಡೆಯಲು ಮುಂದಿನ ಚೀಟಿಗಳಲ್ಲಿ ನಾಲ್ಕೂ ಮೂಲೆಗೆ ಅಕ್ಷರ ಹಾಕಿ, ಕೆಳಗಿನ ಜೋಡಿಯನ್ನು ಮೇಲೆ ಹಿಂದುಮುಂದಾಗಿಸಿದರು. ಬೇರೆ ಬೇರೆ ಚೀಟಿಗಳ ತುಂಡುಗಳನ್ನು ಸೇರಿಸಿದರೆ ಮೇಲಿನ ಅಕ್ಷರಕ್ಕೂ ಕೆಳಗಿನ ಅಕ್ಷರಕ್ಕೂ ತಾಳೆಯಾಗದು.

ಈ ಅಕ್ಷರಗಳು ನಿಜವಾಗಿ ಕೆಲಸ ಮಾಡಿದವೇ ಎಂದು ಕೇಳಿದರೆ, ಮಾಡಿದವು, ಆದರೆ ಕಾಲು ಶತಮಾನ ತಡವಾಗಿ, ಅದೂ ಅಂಚೆ ಇಲಾಖೆಯ ಕೈಯಲ್ಲಲ್ಲ ಎನ್ನಬೇಕಾಗುತ್ತದೆ. 1872ರ ಸುಮಾರಿಗೆ ಲಂಡನ್ನಿನ ಷೇರುಪೇಟೆಯ ಅಂಚೆ ಕಚೇರಿಯಲ್ಲಿ ತಂತಿ ಕಳುಹಿಸಲು ಒಂದು ಷಿಲಿಂಗಿನ ಹಸಿರು ಚೀಟಿಗಳನ್ನು ಬಳಸುತ್ತಿದ್ದರು. ತಂತಿಯ ಫಾರಮ್ಮಿಗೆ ಚೀಟಿ ಅಂಟಿಸಿ ಠಸ್ಸೆ ಒತ್ತುವುದು ಕೌಂಟರಿನ ಆಚೆ ಇದ್ದವರ ಕೆಲಸ. ಆ ಫಾರಮ್ಮು ಮತ್ತೆ ಗಿರಾಕಿಯ ಕೈಗೆ ಬರುವಂತಿರಲಿಲ್ಲ. ಅಲ್ಲಿ ಯಾರೋ ಖೋಟಾ ಚೀಟಿಗಳನ್ನು ಅಂಟಿಸಿ ಅಸಲಿ ಹಣವನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಯಾರಿಗೂ ಗುಮಾನಿ ಬರಲಿಲ್ಲ. 1898ರಲ್ಲಿ, ರದ್ದಿಯಾಗಿ ಹೊರಬಿದ್ದ ಹಳೆಯ ತಂತಿ ಫಾರಮ್ಮುಗಳ ಚೀಟಿಗಳನ್ನು ಪರಿಶೀಲಿಸುತ್ತಿದ್ದ ಚಾರ್ಲ್ಸ್ ನಿಸ್ಸೆನ್ ಎಂಬ ಚೀಟಿ ವ್ಯಾಪಾರಿಗೆ ಕೆಲವು ಹಸಿರು ಚೀಟಿಗಳಲ್ಲಿ ವಾಟರ್‌ಮಾರ್ಕ್ ಇಲ್ಲದ್ದು ಕಂಡಿತು. ಮೂಲೆಗಳನ್ನು ನೋಡಿದರೆ, ಕೆಲವದರಲ್ಲಿ 240 ಚೀಟಿಗಳ ಹಾಳೆಯಲ್ಲಿ ಇರಲು ಸಾಧ್ಯವೇ ಇಲ್ಲದ ಅಕ್ಷರಜೋಡಿಗಳು. ಖೋಟಾಕಾರ ಅಕ್ಷರಗಳನ್ನು ಬದಲಿಸಬೇಕೆಂಬ ಮಟ್ಟಿಗೆ ಬುದ್ಧಿವಂತನಾಗಿದ್ದ, ಅವುಗಳ ಅರ್ಥವೇನೆಂದು ವಿಚಾರಿಸುವಷ್ಟು ತಾಳ್ಮೆ ಇರಲಿಲ್ಲ. ಅವನು ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಆ ಖೋಟಾ ಚೀಟಿ ಇಂದು ಅಸಲಿಗಿಂತ ಹೆಚ್ಚು ಬೆಲೆಗೆ ಮಾರಾಟವಾಗುತ್ತದೆ ಎಂಬುದು ಈ ಹವ್ಯಾಸದ ವಿಚಿತ್ರಗಳಲ್ಲೊಂದು.

ನಮ್ಮ ದೇಶದ ಕಥೆ ಬೇರೆ ದಾರಿಯಲ್ಲಿ ಸಾಗುತ್ತದೆ. ಇಲ್ಲಿ ಕಾಡಿದ್ದು ಜನರ ಮೋಸಕ್ಕಿಂತ ಸಾಮಗ್ರಿಯ ಅಭಾವ. ವಾರನ್ ಹೇಸ್ಟಿಂಗ್ಸ್ 1774ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಂಚೆಯನ್ನು ಸಾರ್ವಜನಿಕರಿಗೆ ತೆರೆದಾಗ 100 ಮೈಲಿಗೆ 2 ಆಣೆಯ ದರವಿತ್ತು. ಮುಂಗಡ ಹಣಕ್ಕಾಗಿ ತಾಮ್ರದ ಬಿಲ್ಲೆಗಳನ್ನೂ ಹೊರಡಿಸಿದ್ದರು. ಕಾಗದದ ಚೀಟಿ ಬಂದದ್ದು 1852ರ ಜುಲೈ 1ರಂದು, ಸಿಂಧ್ ಪ್ರಾಂತದಲ್ಲಿ. ಅಲ್ಲಿನ ಕಮಿಷನರ್ ಬಾರ್ಟಲ್ ಫ್ರಿಯರ್ ಮತ್ತು ಕರಾಚಿಯ ಪೋಸ್ಟ್‌ಮಾಸ್ಟರ್ ಎಡ್ವರ್ಡ್ ಲೀಸ್ ಕಾಫಿ ಸೇರಿ ರೂಪಿಸಿದ ಅರ್ಧ ಆಣೆಯ ಈ ‘ಸಿಂಧ್ ಡಾಕ್’ ಇಡೀ ಏಷ್ಯಾದ ಮೊದಲ ಅಂಟು ಚೀಟಿ. ದುಂಡಗಿನ ಆಕಾರ, ನಡುವೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಮುದ್ರೆ, ರಾಣಿಯ ಮುಖವಿಲ್ಲ. ಮೊದಲು ಅದನ್ನು ಪತ್ರಕ್ಕೆ ಮೊಹರು ಹಾಕುವ ಕೆಂಪು ಅರಗಿನಂಥ ತೆಳು ಬಿಲ್ಲೆಯ ಮೇಲೆ ಉಬ್ಬಚ್ಚಾಗಿ ಒತ್ತಿದರು. ಅದು ಒಣಗಿ ಚೂರುಚೂರಾಗುತ್ತಿತ್ತು. ಬಳಿಕ ಬಿಳಿಯ ಕಾಗದಕ್ಕೆ ಬಣ್ಣವಿಲ್ಲದ ಉಬ್ಬಚ್ಚು ಒತ್ತಿದರೆ, ಮಬ್ಬು ಬೆಳಕಿನಲ್ಲಿ ಲಕೋಟೆಯ ಮೇಲೆ ಚೀಟಿ ಇದೆಯೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ. ಕೊನೆಗೆ ನೀಲಿ ಬಣ್ಣದಲ್ಲಿ ಮುದ್ರಿಸಿದರು. ಅಷ್ಟರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಚೀಟಿಗಳು ಸಿದ್ಧವಾಗಿ, 1854ರ ಅಕ್ಟೋಬರಿನಲ್ಲಿ ಸಿಂಧ್ ಡಾಕನ್ನು ಹಿಂದೆಗೆದುಕೊಂಡು ಉಳಿದದ್ದನ್ನು ನಾಶಪಡಿಸಿದರು. ಮುರಿಯದೆ ಉಳಿದ ಕೆಂಪು ಸಿಂಧ್ ಡಾಕ್ ಇಂದು ಭಾರತೀಯ ಸಂಗ್ರಹಕಾರರ ಕನಸು.

1854ರ ಆ ಅಖಿಲ ಭಾರತ ಚೀಟಿಗಳ ತಯಾರಿಕೆಯ ಕಥೆಯನ್ನು ನಾನು ಪೆನ್ನಿ ಬ್ಲ್ಯಾಕಿನ ಕಥೆಗಿಂತ ಮೇಲೆಂದು ಎಣಿಸುತ್ತೇನೆ. ಕಲ್ಕತ್ತೆಯ ಟಂಕಸಾಲೆಯ ಕರ್ನಲ್ ಫೋರ್ಬ್ಸ್ ಸಿಂಹ ಮತ್ತು ತಾಳೆಮರವಿರುವ ಸೊಗಸಾದ ಮಾದರಿಯೊಂದನ್ನು ಸಿದ್ಧಪಡಿಸಿದರೂ, ಅಲ್ಲಿದ್ದ ಯಂತ್ರಗಳಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯಲು ಆಗಲಿಲ್ಲ. ಆಗ ಮುಂದೆ ಬಂದವನು ಭೂಮಾಪನ ಇಲಾಖೆಯ ಕ್ಯಾಪ್ಟನ್ ಹೆನ್ರಿ ಥುಯಿಲಿಯರ್. ಭೂಪಟಗಳನ್ನು ಅಚ್ಚುಮಾಡುವ ಕಲ್ಲಚ್ಚಿನ ಸಲಕರಣೆಗಳು ಅವನ ಇಲಾಖೆಯಲ್ಲಿದ್ದವು. ಅದರಲ್ಲೇ ಚೀಟಿಯನ್ನೂ ಅಚ್ಚು ಹಾಕುವೆನೆಂದ. ಅರ್ಧ ಆಣೆಯ ಚೀಟಿ ಮೊದಲು ಕೆಂಪಾಗಿಯೇ ಅಚ್ಚಾಯಿತು. ಆದರೆ ಇಂಗ್ಲೆಂಡಿನಿಂದ ಬಂದಿದ್ದ ಇಂಗಳೀಕದ ಬಣ್ಣ ತೀರಿಹೋಯಿತು, ಇಲ್ಲಿ ಸಿಗುತ್ತಿದ್ದ ಇಂಗಳೀಕ ಕಲ್ಲಚ್ಚಿಗೆ ಒಗ್ಗಲಿಲ್ಲ. ಹೀಗಾಗಿ ಅರ್ಧ ಆಣೆ ನೀಲಿಯಾಯಿತು. ಒಂದು ಆಣೆ ಕೆಂಪು, ಎರಡು ಆಣೆ ಹಸಿರು. ನಾಲ್ಕು ಆಣೆಯದು ಮಾತ್ರ ಕೆಂಪು ಚೌಕಟ್ಟಿನೊಳಗೆ ನೀಲಿಯ ರಾಣಿ. ಎರಡು ಬಣ್ಣದ ಚೀಟಿ ಎಂಬುದೇ ಆಗ ಜಗತ್ತಿನಲ್ಲಿ ಹೊಸತು. ಮೊದಲು ಚೌಕಟ್ಟು, ಒಣಗಿದ ಮೇಲೆ ಮುಖ ಎಂದು ಒಂದೇ ಹಾಳೆಯನ್ನು ಎರಡು ಬಾರಿ ಅಚ್ಚಿಗೆ ಕೊಡಬೇಕಾಗಿತ್ತು. ಯಾರೋ ಹಾಳೆಯನ್ನು ತಿರುಗಿಸಿ ಇಟ್ಟರು. ತಲೆಕೆಳಗಾದ ರಾಣಿಯ ಚೀಟಿ ಹುಟ್ಟಿತು. ಇಂದು ಉಳಿದಿರುವ ಅಂಥ ಕೆಲವೇ ಪ್ರತಿಗಳು ಜಗತ್ತಿನ ಪ್ರಸಿದ್ಧ ಮುದ್ರಣದೋಷಗಳ ಸಾಲಿನಲ್ಲಿ ನಿಲ್ಲುತ್ತವೆ.

ಈ ಚೀಟಿಗಳಲ್ಲಿ ನನ್ನನ್ನು ಹೆಚ್ಚು ಸೆಳೆಯುವ ವಿಷಯ ಇನ್ನೊಂದಿದೆ. 1854ರಲ್ಲಿ ದೇಶವನ್ನು ಆಳುತ್ತಿದ್ದದ್ದು ಕಂಪನಿ. ಬ್ರಿಟಿಷ್ ಅರಸೊತ್ತಿಗೆ ನೇರವಾಗಿ ಅಧಿಕಾರ ವಹಿಸಿಕೊಂಡದ್ದು 1858ರಲ್ಲಿ. ಆದರೂ ಚೀಟಿಯ ಮೇಲ್ಮೈಯಲ್ಲಿ ಕಾಣುವುದು ವಿಕ್ಟೋರಿಯಾಳ ಮುಖ ಮತ್ತು ‘ಇಂಡಿಯಾ’ ಎಂಬ ಹೆಸರು; ಕಂಪನಿಯ ಲಾಂಛನವಿರುವುದು ಕಾಗದದೊಳಗಿನ ವಾಟರ್‌ಮಾರ್ಕಿನಲ್ಲಿ, ಅದೂ ಇಡೀ ಹಾಳೆಗೆ ಹರಡಿಕೊಂಡಿರುವುದರಿಂದ ಎಷ್ಟೋ ಬಿಡಿ ಚೀಟಿಗಳಲ್ಲಿ ಅದರ ಸುಳಿವೇ ಇಲ್ಲ. ಮುಂದೆ ಲಂಡನ್ನಿನ ಡಿ ಲಾ ರೂ ಸಂಸ್ಥೆ ಮುದ್ರಿಸಿದ ಚೀಟಿಗಳಲ್ಲಿ ‘ಈಸ್ಟ್ ಇಂಡಿಯಾ’ ಎಂಬ ಬರಹ ಬಂತು. ಕಂಪನಿಯ ಆಳ್ವಿಕೆ ಮುಗಿದು ಎರಡು ದಶಕ ದಾಟಿದರೂ, 1882ರವರೆಗೆ, ಅದು ಹಾಗೆಯೇ ಮುಂದುವರಿಯಿತು. ಅರ್ಧ ಆಣೆಗೆ ಕಾಲು ತೊಲ ತೂಕದ ಪತ್ರ ದೇಶದ ಯಾವ ಮೂಲೆಗಾದರೂ ಹೋಗುವುದೆಂಬ ಹೊಸ ವ್ಯವಸ್ಥೆಯಲ್ಲಿ, ಚೀಟಿಯ ಮೇಲೆ ಏನು ಬರೆದಿದೆ ಎಂದು ಪತ್ರ ಬರೆಯುವವರು ಗಮನಿಸಿದ್ದರೆಂದು ನನಗನ್ನಿಸುವುದಿಲ್ಲ.

ನಮ್ಮ ಮೈಸೂರಿನ ಅಂಚೆ ಈ ಕಥೆಯ ಹೊರಗೇ ಉಳಿಯಿತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ತಿರುವಾಂಕೂರಿನ ಶಂಖದ ಚೀಟಿಯಂಥ ತನ್ನದೇ ಅಂಟು ಚೀಟಿಯನ್ನು ಅದು ಹೊರಡಿಸಲಿಲ್ಲ. ಕನ್ನಡ ನಾಡಿನ ಮಟ್ಟಿಗೆ ಸಂಸ್ಥಾನದ ಚೀಟಿಗಳು ಓಡಾಡಿದ್ದು ಉತ್ತರದಲ್ಲಿ. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ, ನಿಜಾಮನ ಚೀಟಿಯ ಮೇಲೆ ಈ ಊರುಗಳ ಠಸ್ಸೆ ಬಿದ್ದಿರುವ ಲಕೋಟೆಗಳು ಸಿಗುತ್ತವೆ. ನಿಜಾಮನ ಚೀಟಿಗಳು ಬಿಡಿಯಾಗಿ ಕೆಲವು ರೂಪಾಯಿಗಳಿಗೂ ದೊರೆಯುತ್ತವೆ. ‘ಗುಲ್ಬರ್ಗಾ’ ಎಂಬ ಠಸ್ಸೆ ಸ್ಪಷ್ಟವಾಗಿರುವ ಪೂರ್ತಿ ಲಕೋಟೆ ಸಿಕ್ಕಿದರೆ ಮಾತ್ರ ಅದು ಸಂಗ್ರಹ ಎನಿಸಿಕೊಳ್ಳುತ್ತದೆ.

ಅಪನಂಬಿಕೆಯ ಮಾತಿಗೆ ಮರಳುತ್ತೇನೆ. ಹೊರಗಿನವರ ಬಗೆಗಿದ್ದ ಸಂಶಯ ಕ್ರಮೇಣ ಒಳಗಿನವರ ಕಡೆಗೂ ತಿರುಗಿತು. ಗುಮಾಸ್ತರು ಕಚೇರಿಯ ಚೀಟಿಗಳನ್ನು ಕದ್ದು ಮಾರುತ್ತಾರೆಂದು ವ್ಯಾಪಾರಿ ಸಂಸ್ಥೆಗಳು ಚೀಟಿಗಳಿಗೆ ತಮ್ಮ ಹೆಸರಿನ ಮೊದಲಕ್ಷರಗಳ ರೂಪದಲ್ಲಿ ಸಣ್ಣ ರಂಧ್ರಗಳನ್ನು ಹೊಡೆಸತೊಡಗಿದವು. 1868ರಲ್ಲಿ ಬ್ರಿಟಿಷ್ ಅಂಚೆ ಅದಕ್ಕೆ ಒಪ್ಪಿಗೆ ಕೊಟ್ಟಿತು, ಭಾರತದ ಬ್ಯಾಂಕುಗಳೂ ಕಂಪನಿಗಳೂ ಅನುಸರಿಸಿದವು. ಸಂಗ್ರಹಕಾರರು ‘ಪರ್ಫಿನ್’ ಎನ್ನುವ ಈ ತೂತುಬಿದ್ದ ಚೀಟಿಗಳನ್ನು ಒಂದು ಕಾಲದಲ್ಲಿ ಹಾಳಾದವೆಂದು ಎಸೆಯುತ್ತಿದ್ದರು. ಸರ್ಕಾರವೂ ತನ್ನ ನೌಕರರನ್ನು ನಂಬಲಿಲ್ಲ. 1866ರಿಂದ ಸರ್ಕಾರಿ ಪತ್ರಗಳ ಚೀಟಿಗೆ ‘ಸರ್ವಿಸ್’ ಎಂಬ ಪದವನ್ನು ಮೇಲಚ್ಚು ಹಾಕಿತು. ಆ ಒಂದು ಪದವೇ ಸ್ವತಂತ್ರ ಭಾರತದ ಅತ್ಯಂತ ದುಬಾರಿ ಚೀಟಿಯನ್ನು ಸೃಷ್ಟಿಸಿತು. 1948ರ ಆಗಸ್ಟ್ 15ರಂದು, ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಅಚ್ಚಾದ ಗಾಂಧೀಜಿಯ ನಾಲ್ಕು ಚೀಟಿಗಳು ಬಿಡುಗಡೆಯಾದವು. ಗವರ್ನರ್ ಜನರಲ್ಲರ ಕಚೇರಿಯ ಬಳಕೆಗೆಂದು ಅವುಗಳಿಗೆ ‘ಸರ್ವಿಸ್’ ಮೇಲಚ್ಚು ಹಾಕಿಸಿದಾಗ, 10 ರೂಪಾಯಿಯದು 100 ಪ್ರತಿ ಮಾತ್ರ ಅಚ್ಚಾಯಿತು. 2017ರಲ್ಲಿ ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಸಾಮಾನ್ಯ 10 ರೂಪಾಯಿ ಗಾಂಧಿ ಚೀಟಿಗೆ ಆ ಪದವನ್ನು ಕಳ್ಳತನದಿಂದ ಒತ್ತಿ ಮಾರುವವರು ಇರುವುದರಿಂದ, ಪರಿಣತರ ಪ್ರಮಾಣಪತ್ರವಿಲ್ಲದೆ ಯಾರೂ ಅದನ್ನು ಮುಟ್ಟುವುದಿಲ್ಲ.

ಸಂಗ್ರಹಕಾರರಿಗಾಗಿಯೇ ಖೋಟಾ ತಯಾರಿಸುವವರ ಚರಿತ್ರೆಯೇ ಬೇರೊಂದು. ಅವರಲ್ಲಿ ಮೇಲುಗೈ ಫ್ರಾನ್ಸಿನಲ್ಲಿ ನೆಲೆಸಿದ್ದ ಜಾನ್ ದ ಸ್ಪೆರಾಟಿಯದು. 1942ರಲ್ಲಿ ಅವನು ಲಿಸ್ಬನ್ನಿಗೆ ಕಳುಹಿಸಿದ ಹಳೆಯ ಜರ್ಮನ್ ಚೀಟಿಗಳ ಪೊಟ್ಟಣವನ್ನು ಸುಂಕದ ಅಧಿಕಾರಿಗಳು ತಡೆದು, ಬೆಲೆಬಾಳುವ ವಸ್ತುವನ್ನು ತೆರಿಗೆಯಿಲ್ಲದೆ ಸಾಗಿಸುತ್ತಿದ್ದಾನೆಂದು ಮೊಕದ್ದಮೆ ಹೂಡಿದರು. ಅವು ತಾನೇ ಮಾಡಿದ ನಕಲುಗಳು, ಬೆಲೆಯಿಲ್ಲದವು ಎಂದು ಅವನು ವಾದಿಸಿದರೆ, ಪರಿಣತರು ಅಸಲಿಯೆಂದೇ ಸಾಕ್ಷಿ ಹೇಳಿದರು! ಕೊನೆಗೆ ಬ್ರಿಟಿಷ್ ಫಿಲಾಟೆಲಿಕ್ ಅಸೋಸಿಯೇಷನ್ 1954ರಲ್ಲಿ ಅವನ ಸರಕನ್ನೆಲ್ಲ ಕೊಂಡು ಅವನ ಕೆಲಸಕ್ಕೆ ಮಂಗಳ ಹಾಡಿತು. ಸ್ಪೆರಾಟಿಯ ಒಂದು ವಿಧಾನವಂತೂ ಅಸಾಧಾರಣವಾದದ್ದು: ಅಗ್ಗದ ಅಸಲಿ ಚೀಟಿಯೊಂದರ ಚಿತ್ರವನ್ನು ರಾಸಾಯನಿಕದಿಂದ ಅಳಿಸಿ, ಠಸ್ಸೆಯನ್ನೂ ವಾಟರ್‌ಮಾರ್ಕನ್ನೂ ಉಳಿಸಿಕೊಂಡು, ಆ ಕಾಗದದ ಮೇಲೆ ದುಬಾರಿ ಚೀಟಿಯನ್ನು ಅಚ್ಚು ಹಾಕುತ್ತಿದ್ದ. ಅಂಚೆ ಇಲಾಖೆ ನೂರು ವರ್ಷ ಕಟ್ಟಿದ್ದ ಕಾವಲುಗಳೇ ಅವನಿಗೆ ಸಾಕ್ಷಿ ನುಡಿಯುವಂತಾಯಿತು.

ಈ ಹಿನ್ನೆಲೆಯಲ್ಲಿ ಹೊಸಬರಿಗೆ ನಾನು ಹೇಳುವುದು ಎರಡು ಮಾತು. ಲಕೋಟೆಯಿಂದ ಚೀಟಿಯನ್ನು ಕತ್ತರಿಸಿ ನೀರಿನಲ್ಲಿ ನೆನೆಹಾಕುವ ನಮ್ಮ ಹಳೆಯ ಅಭ್ಯಾಸವನ್ನು ಸಾಧ್ಯವಾದಷ್ಟು ಬಿಡಿ. ವಿಕ್ಟೋರಿಯಾ ಕಾಲದ ಕೆಲವು ಚೀಟಿಗಳನ್ನು ತೊಳೆದರೆ ಬಣ್ಣ ಬಿಡುವಂಥ ಶಾಯಿಯಿಂದಲೇ ಮುದ್ರಿಸಿದ್ದರು, ಮರುಬಳಕೆ ತಡೆಯುವುದಕ್ಕಾಗಿ; ಅವು ಇಂದಿಗೂ ನೀರನ್ನು ಕಂಡರೆ ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡುತ್ತವೆ. ಅದಕ್ಕಿಂತ ಮುಖ್ಯವಾಗಿ, ಯಾವ ಊರಿನಿಂದ ಯಾವ ದಿನ ಹೊರಟಿತು, ಎಷ್ಟು ದಿನಕ್ಕೆ ತಲುಪಿತು, ದರ ಸಾಲದೆ ದಂಡ ಬಿತ್ತೇ ಎಂಬುದೆಲ್ಲ ಲಕೋಟೆಯ ಮೇಲಿರುತ್ತದೆ. ಚೀಟಿಯನ್ನಷ್ಟೇ ಬಿಡಿಸಿಕೊಂಡರೆ ಅದೆಲ್ಲವೂ ಕಸದ ಬುಟ್ಟಿಗೆ ಹೋಗುತ್ತದೆ. ಎರಡನೆಯದಾಗಿ, ಸಂಗ್ರಹಕಾರರ ಕಿಸೆಯನ್ನೇ ನೋಡಿ ಹೊರಡಿಸುವ ಚೀಟಿಗಳ ಬೆನ್ನು ಹತ್ತಬೇಡಿ. 2006ರ 15 ರೂಪಾಯಿಯ ಗಂಧದ ಪರಿಮಳದ ಚೀಟಿ, 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ 100 ರೂಪಾಯಿಯ ಕಾಫಿ ಪರಿಮಳದ ಚೀಟಿ ನನ್ನಲ್ಲೂ ಇವೆ, ಮೂಸಿ ನೋಡಿ ಸಂತೋಷಪಟ್ಟಿದ್ದೇನೆ. ಆದರೆ ಅವು ಆಲ್ಬಮ್ಮಿಗೆಂದೇ ಹುಟ್ಟಿದವು. ನಿಜವಾದ ಪತ್ರದ ಮೇಲೆ, ನಿಜವಾದ ದರಕ್ಕೆ ಸರಿಯಾಗಿ ಅಂಟಿಕೊಂಡು ಬಂದ ಪ್ರತಿಯನ್ನು ಹುಡುಕಿ ನೋಡಿ, ಆಗ ಅವೂ ಅಪರೂಪವೆನಿಸುತ್ತವೆ. ಸಿಕ್ಕಿದರೂ ಅದರ ಮೇಲೆ ಠಸ್ಸೆಯ ಬದಲು ಬಾಲ್‌ಪೆನ್ನಿನ ಗೀಟು ಇರುವ ಸಂಭವವೇ ಹೆಚ್ಚು. ಮರುಬಳಕೆಯ ಭಯ ನಮ್ಮಲ್ಲಿ ಈಗ ತಾಳಿರುವ ರೂಪ ಅದು, ಮತ್ತು ನನಗೆ ಅದರಷ್ಟು ಸಿಟ್ಟು ತರಿಸುವ ಸಂಗತಿ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

ಬ್ರಿಟನ್ ಮಾತ್ರ ಅಕ್ಷರಗಳ ಕಾಲದಿಂದ ಬಹಳ ಮುಂದೆ ಹೋಗಿದೆ. 2022ರಿಂದ ಅಲ್ಲಿನ ದಿನಬಳಕೆಯ ಚೀಟಿಗಳ ಪಕ್ಕದಲ್ಲಿ ಬಾರ್‌ಕೋಡ್ ಇದೆ. ಒಂದೊಂದು ಚೀಟಿಗೂ ಒಂದೊಂದು ಬೇರೆ ಸಂಕೇತ, ಒಮ್ಮೆ ಯಂತ್ರ ಓದಿತೆಂದರೆ ಅದರ ಆಯುಷ್ಯ ಮುಗಿಯಿತು. ಬಾರ್‌ಕೋಡ್ ಇಲ್ಲದ ಹಳೆಯ ದಿನಬಳಕೆಯ ಚೀಟಿಗಳ ಚಲಾವಣೆ 2023ರಲ್ಲಿ ರದ್ದಾಯಿತು. ಅದಾದ ಮೇಲೆ, ಅಂಚೆ ಕಚೇರಿಯಲ್ಲೇ ಕೊಂಡ ಚೀಟಿಗಳನ್ನೂ ಯಂತ್ರ ಖೋಟಾ ಎಂದು ಗುರುತಿಸುತ್ತಿದೆಯೆಂದೂ, ಪತ್ರ ಪಡೆದವರು 5 ಪೌಂಡ್ ದಂಡ ಕೊಡಬೇಕಾಗಿದೆಯೆಂದೂ ದೂರುಗಳು ಬಂದು ದೊಡ್ಡ ಗದ್ದಲವಾಯಿತು. ಸಂಗ್ರಹಕಾರರ ಚರ್ಚೆ ಬೇರೆಯೇ ಇದೆ. ಚಿತ್ರಕ್ಕೂ ಬಾರ್‌ಕೋಡಿಗೂ ನಡುವೆ ರಂಧ್ರಗಳನ್ನು ಹೋಲುವ ಸುಳ್ಳು ಅಂಚೊಂದಿದೆ. ಅಲ್ಲಿ ಕತ್ತರಿಸಿದರೆ ಚೀಟಿ ಅಮಾನ್ಯ. ಬಳಸಿದ ಚೀಟಿಗಳನ್ನು ಬಾರ್‌ಕೋಡ್ ಸಮೇತ ಇಟ್ಟುಕೊಳ್ಳಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಹಳೆಯ ಆಲ್ಬಮ್ಮುಗಳ ಚೌಕಗಳಲ್ಲಿ ಅವು ಹಿಡಿಸುವುದಿಲ್ಲವಾದ್ದರಿಂದ ಸದ್ಯಕ್ಕೆ ಅವುಗಳನ್ನು ಲಕೋಟೆಗಳ ಮೇಲೆಯೇ ಬಿಟ್ಟಿದ್ದೇನೆ.